ಬೀಗ ಹಾಕಿದ ರಿಪೋರ್ಟು

ಮದುವೆಯಾದ ಮೂರನೇ ದಿನ, ಹಲಸೂರು ಕೆರೆಯ ದಂಡೆಯಲ್ಲಿ ಕೂತು ಹಂಪಣ್ಣ ಹೆಂಡತಿಗೆ ಒಂದು ಮಾತು ಕೊಟ್ಟಿದ್ದ. "ನನ್ನ ಮೈಗೆ ಯಾವ ಕಾಯಿಲೆ ಬಂದ್ರೂ ಮೊದಲು ನನ್ನ ಬಾಯಿಂದಲೇ ನಿನಗೆ ಗೊತ್ತಾಗುತ್ತೆ, ರಮ್ಯಾ. ಊರವರಿಂದ ಕೇಳೋ ಹಾಗೆ ಮಾಡಲ್ಲ."

ಆ ಮಾತನ್ನು ಕೇಳಿ ಪಡೆದವಳು ರಮ್ಯಳೇ. ಅವಳಪ್ಪ ಮುನಿವೆಂಕಟಪ್ಪನವರು ತಮ್ಮ ಸಕ್ಕರೆ ಕಾಯಿಲೆಯನ್ನು ಮೂರು ವರ್ಷ ಮುಚ್ಚಿಟ್ಟಿದ್ದರು; ಕೊನೆಗೆ ಆ ಸುದ್ದಿ ಬೇಕರಿಯವನ ಬಾಯಿಂದ ಮನೆ ತಲುಪಿತ್ತು. ಹೊಸ ಗಂಡನಿಗೆ ಮಾತು ಕೊಡುವುದಕ್ಕೇನು ಕಷ್ಟ? ಮೂವತ್ತೆರಡು ಹಲ್ಲೂ ಗಟ್ಟಿಯಿರುವವನು ಚಕ್ಕುಲಿಗೆ ಹೆದರುವುದಿಲ್ಲ.

ಇಪ್ಪತ್ತೆರಡು ವರ್ಷ ಆ ಮಾತಿಗೆ ಕೆಲಸವೇ ಬೀಳಲಿಲ್ಲ. ಹೋದ ವಾರ ಬಚ್ಚಲಿನಲ್ಲಿ ಇರುವೆ ಸಾಲು ಕಂಡಿತು. ಅಡುಗೆಮನೆಯ ಸಕ್ಕರೆ ಡಬ್ಬ ಬಿಟ್ಟು ಇರುವೆಗಳು ಇಲ್ಲಿಗೇಕೆ ಬಂದವು ಎಂದು ಯೋಚಿಸಿದ ಹಂಪಣ್ಣನಿಗೆ, ಆ ರಾತ್ರಿ ಮೂರು ಸಲ ಮೂತ್ರಕ್ಕೆ ಎದ್ದ ಮೇಲೆ ಉತ್ತರ ಹೊಳೆಯಿತು. ಬೆವರಿಬಿಟ್ಟ.

ಅವನ ಭಯ ಕಾಯಿಲೆಯದ್ದಲ್ಲ, ಆರೈಕೆಯದ್ದು. ಪ್ರತಿ ಗುರುವಾರ ರಮ್ಯ ಕೆ.ಆರ್. ಪುರಕ್ಕೆ ಹೋಗಿ ಅಪ್ಪನ ಬೆರಳು ಚುಚ್ಚಿ ಸಕ್ಕರೆ ಅಳೆದು ಬರುತ್ತಿದ್ದಳು. ಹದಿನಾಲ್ಕು ಮನೆ ಬಾಡಿಗೆಗೆ ಕೊಟ್ಟು ಇಡೀ ಬೀದಿಯನ್ನು ನಡುಗಿಸುವ ಮುನಿವೆಂಕಟಪ್ಪನವರು ಮಗಳ ಮುಂದೆ ಅರ್ಧ ಬಾಳೆಹಣ್ಣಿಗೆ ಕೈಯೊಡ್ಡಿ ನಿಲ್ಲುತ್ತಿದ್ದರು. ನಿಂಬೆಹಣ್ಣಿನ ಗಾತ್ರದ ಮುದ್ದೆ, ಬೆಳಗ್ಗೆ ಐದಕ್ಕೆ ನಡಿಗೆ, ಬರಿಗಾಲಲ್ಲಿ ಹುಲ್ಲಿನ ಮೇಲೆ ಮತ್ತೊಂದು ನಡಿಗೆ. ಸೆಂಟ್ರಲ್ ಜೈಲಿನಲ್ಲಾದರೂ ಭಾನುವಾರ ಏನಾದರೂ ವಿಶೇಷ ಇದ್ದೀತು.

ಹಾಗಾಗಿ ಹಂಪಣ್ಣ ಕಾನೂನು ಹುಡುಕಿದ. ಮಾತು ಕೊಟ್ಟಿರುವುದು ಕಾಯಿಲೆಗೆ, ಅನುಮಾನಕ್ಕಲ್ಲ. ಗುರುವಾರ ರಮ್ಯ ಮೆಟ್ರೋ ಹತ್ತಿದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಹೋಗಿ ರಕ್ತ ಕೊಟ್ಟ. ತನ್ನ ಫೋನು ರಮ್ಯಳ ಹೆಬ್ಬೆರಳಿಗೂ ತೆರೆದುಕೊಳ್ಳುವುದರಿಂದ, ಗಲ್ಲಿಯ ಮೂಲೆಯಲ್ಲಿ ಸ್ಕೂಟರ್ ಸೀಟ್ ಹೊಲಿಯುವ ಗೆಳೆಯ ಅಕ್ತರನ ನಂಬರನ್ನು ರಿಪೋರ್ಟಿಗೆ ಬರೆಸಿದ. ಶಿವಾಜಿನಗರದಲ್ಲಿ ತಾನು ಮ್ಯಾನೇಜರಾಗಿದ್ದ ಬಣ್ಣದಂಗಡಿಗೆ ರಜೆ ಹಾಕಿ, ಅಕ್ತರನ ಅಂಗಡಿಯ ಸ್ಟೂಲಿನ ಮೇಲೆ ಹೆರಿಗೆ ವಾರ್ಡಿನ ಹೊರಗಿನ ಗಂಡನಂತೆ ಕೂತ.

"ಯಾರಿಗೂ ಹೇಳ್ಬೇಡ ಗುರು," ಎಂದ.

"ನಾನ್ಯಾಕೆ ಹೇಳ್ಲಿ?" ಎಂದ ಅಕ್ತರ್. ಅವನು ಹೇಳಿದ್ದು ಇಬ್ಬರಿಗೆ ಮಾತ್ರ. ಮಹಡಿಯ ಮೇಲಿನ ರಿಟೈರ್ಡ್ ನರ್ಸ್ ಮಾರಿಯಾ ಆಂಟಿಗೆ, ಅವರು ಓದಿದವರು ಎಂದು. ಎದುರು ಮನೆಯ ಶಕೀಲಾಗೆ, ಅವಳು ಕೇಳಿದಳು ಎಂದು.

ಶಕೀಲಾ ಲೋಟ ಹಿಡಿದೇ ಬಂದಳು. "ಯಾ ಅಲ್ಲಾ, ಹಂಪಣ್ಣ ಭಾಯ್! ಹಾಗಲಕಾಯಿ ರಸ. ಕಣ್ಣು ಮುಚ್ಚಿ ಕುಡೀರಿ."

"ಇನ್ನೂ ರಿಪೋರ್ಟೇ ಬಂದಿಲ್ಲಮ್ಮಾ."

"ಬಂದ್ಮೇಲೆ ಎಲ್ರೂ ಕುಡೀತಾರೆ. ಮುಂಚೆ ಕುಡಿದ್ರೆ ರಿಪೋರ್ಟ್ ಚೆನ್ನಾಗಿ ಬರುತ್ತೆ."

ರಕ್ತ ಲ್ಯಾಬಿನಲ್ಲಿ, ರಸ ಇಲ್ಲಿ. ಇದರಲ್ಲಿ ಏನೋ ತಪ್ಪಿದೆ ಎಂದು ಹಂಪಣ್ಣನಿಗೆ ಹೊಳೆಯುವಷ್ಟರಲ್ಲಿ ಲೋಟ ಖಾಲಿಯಾಗಿತ್ತು. ಅವನ ಮುಖ ಹಿಂಡಿದ ಒರೆಸುಬಟ್ಟೆಯಂತಾಯಿತು. ಮಾರಿಯಾ ಆಂಟಿ ಬಂದವರೇ ಅವನ ಕೆಳರೆಪ್ಪೆ ಎಳೆದು ನೋಡಿ, "ಕಾಲು ಉರಿ ಇದೆಯಾ ಮ್ಯಾನ್?" ಎಂದರು. ಅದುವರೆಗೆ ಇರಲಿಲ್ಲ. ಆಮೇಲೆ ಶುರುವಾಯಿತು.

ಮೂರೂವರೆಗೆ ಅಕ್ತರನ ಫೋನು ಟಿಣ್ ಎಂದಿತು.

"ಬಂತು! ಆದ್ರೆ ಬೀಗ ಹಾಕವ್ರೆ ಗುರು. ಪಾಸ್‌ವರ್ಡ್ ಬೇಕಂತೆ. ಹೆಸರಿನ ಮೊದಲ ನಾಲ್ಕು ಅಕ್ಷರ, ಆಮೇಲೆ ಹುಟ್ಟಿದ ವರ್ಷ. ಯಾವ್ ವರ್ಷ ನೀನು?"

ಹಂಪಣ್ಣ ಸ್ಟೂಲಿನಿಂದ ಅರ್ಧ ಎದ್ದ. ಸಕ್ಕರೆಯ ಗಡಿಬಿಡಿಯಲ್ಲಿ ಅವನು ಇನ್ನೊಂದು ವಿಷಯವನ್ನೇ ಮರೆತಿದ್ದ. ಹೆಣ್ಣು ನೋಡಲು ಹೋದಾಗ ಮುನಿವೆಂಕಟಪ್ಪನವರು, "ಮೂವತ್ತು ದಾಟಿದ ಗಂಡಿಗೆ ನಮ್ಮ ಹುಡುಗಿ ಕೊಡಲ್ಲ" ಎಂದಿದ್ದರು. ಮೂವತ್ತಮೂರರ ಹಂಪಣ್ಣ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಇಪ್ಪತ್ತೇಳಕ್ಕೆ ಇಳಿದಿದ್ದ. ಅಂದಿನಿಂದ ಹದಿನೈದು ದಿನಕ್ಕೊಮ್ಮೆ ತಲೆಗೆ ಬಣ್ಣ. ಆಧಾರ್ ಕಾರ್ಡು ಬಣ್ಣದಂಗಡಿಯ ಡ್ರಾಯರಿನಲ್ಲಿ ಬೀಗದೊಳಗೆ. ಬೇರೆ ಗಂಡಸರು ಅಂಥ ಡ್ರಾಯರಿನಲ್ಲಿ ಬಾಟಲಿ ಇಡುತ್ತಾರೆ. ನಿನ್ನೆ ಸಂಜೆ ಗುಟ್ಟಾಗಿ ಹೊರತೆಗೆದು ತಂದಿದ್ದ ಅದೇ ಕಾರ್ಡು ನೋಡಿ ಇಂದು ಬೆಳಗ್ಗೆ ಲ್ಯಾಬಿನ ಹುಡುಗಿ ವಯಸ್ಸು ಬರೆದುಕೊಂಡಿದ್ದಳು.

"ಎಪ್ಪತ್ತಾರು," ಎಂದ ಹಂಪಣ್ಣ, ಗಲ್ಲಿಗೆಲ್ಲ ಗೊತ್ತಿದ್ದ ವರ್ಷವನ್ನೇ.

ಅಕ್ತರ್ ಒತ್ತಿದ. "ತಪ್ಪು ಅಂತಿದೆ."

"ಲ್ಯಾಬಿನವರು ತಪ್ಪು ಹೊಡೆದಿರ್ತಾರೆ," ಎಂದರು ಮಾರಿಯಾ ಆಂಟಿ. "ಆಚೆ ಈಚೆ ಒಂದೊಂದು ವರ್ಷ ಹಾಕಿ ನೋಡು, ಮ್ಯಾನ್."

"ಆಚೆ ಬೇಡ, ಹಿಂದಕ್ಕೇ ಹೋಗು," ಎಂದಳು ಶಕೀಲಾ. "ಮುಖ ನೋಡಿದ್ರೆ ಗೊತ್ತಾಗಲ್ವಾ?"

"ಎಪ್ಪತ್ತೈದು... ಇಲ್ಲ. ಎಪ್ಪತ್ನಾಲ್ಕು... ಇಲ್ಲ."

"ಬಿಡೋ, ನಾಳೆ ಲ್ಯಾಬಿಗೇ ಹೋಗ್ತೀನಿ," ಎಂದ ಹಂಪಣ್ಣ. ಗಂಟಲು ಒಣಗಿತ್ತು. ಅದೂ ಸಕ್ಕರೆಯ ಲಕ್ಷಣವೇ ಎಂದು ಮಾರಿಯಾ ಆಂಟಿ ಗುರುತಿಸಿಕೊಂಡರು.

"ಸುಮ್ನಿರು ಗುರು, ಹತ್ರ ಬಂದಿದೀವಿ. ಎಪ್ಪತ್ಮೂರು... ಎಪ್ಪತ್ತೆರಡು... ಎಪ್ಪತ್ತೊಂದು... ಇಲ್ಲ. ಈಗ ಎಪ್ಪ—"

ಹಂಪಣ್ಣ ಫೋನು ಕಸಿದುಕೊಂಡು ಓಡಿದ. ಐವತ್ತೈದರ ಕಾಲುಗಳಿಗೆ ಆ ಕ್ಷಣ ನಿಜವಾಗಿಯೂ ನಲವತ್ತೊಂಬತ್ತರ ವೇಗವಿತ್ತು.

"ನೋಡಿದ್ರಾ!" ಹಿಂದಿನಿಂದ ಮಾರಿಯಾ ಆಂಟಿಯ ದನಿ ಕೇಳಿತು. "ನೋಡೋಕೇ ಹೆದರ್ತಾನೆ ಅಂದ್ರೆ ಮುನ್ನೂರರ ಮೇಲೆ!" ಅವನು ಗಲ್ಲಿ ದಾಟುವಷ್ಟರಲ್ಲಿ ಶಕೀಲಾ ಅದನ್ನು ಮುನ್ನೂರೆಂಬತ್ತಕ್ಕೆ ಏರಿಸಿದ್ದಳು.

ಕೆರೆಯ ಪಕ್ಕ ಒಂದು ಕಲ್ಲುಬೆಂಚು ಹುಡುಕಿ, ಅತ್ತಿತ್ತ ನೋಡಿ, ಹಂಪಣ್ಣ ಎಪ್ಪತ್ತು ಎಂದು ಒತ್ತಿದ. ರಿಪೋರ್ಟು ತೆರೆಯಿತು. ಸಕ್ಕರೆ ತೊಂಬತ್ತೆರಡು. ಪಕ್ಕದಲ್ಲಿ ನಾರ್ಮಲ್ ಎಂದು ಬರೆದಿತ್ತು.

ಅವನು ಎದ್ದು ನಿಂತು ನಕ್ಕ. ಬೆಂಚಿನ ಮೇಲಿದ್ದ ಕಾಗೆ ಹಾರಿಹೋಯಿತು. ಗಲ್ಲಿಯವರ ಮುಖಕ್ಕೆ ಈ ರಿಪೋರ್ಟು ಹಿಡಿಯಬೇಕು, ರಮ್ಯಳಿಗೂ ತೋರಿಸಬೇಕು ಎಂದುಕೊಂಡು ಇನ್ನೊಮ್ಮೆ ನೋಡಿದ. ಹೆಸರು ಹಂಪಣ್ಣ. ಅದೇ ಸಾಲಿನಲ್ಲಿ, ಒಂದು ಬೆರಳಿನ ಜಾಗವನ್ನೂ ಬಿಡದೆ, ವಯಸ್ಸು ಐವತ್ತೈದು.

ವಯಸ್ಸು ಕತ್ತರಿಸಿದರೆ ಹೆಸರೂ ಹೋಗುತ್ತದೆ. ಹೆಸರಿಲ್ಲದ ರಿಪೋರ್ಟನ್ನು ರಮ್ಯ ನಂಬುವವಳಲ್ಲ. ತೋರಿಸದಿದ್ದರೆ ಮುನ್ನೂರೆಂಬತ್ತು ಗಲ್ಲಿಯ ಬಾಯಲ್ಲಿ ಕಾಯುತ್ತಿದೆ. ಅಷ್ಟರಲ್ಲಿ ಅವನ ಸ್ವಂತ ಫೋನು ರಿಂಗಾಯಿತು.

"ರೀ, ಮೆಟ್ರೋ ಇಳಿದೆ. ಶಕೀಲಾ ಐದು ಸಲ ಫೋನ್ ಮಾಡವ್ಳೆ, ರೈಲಲ್ಲಿ ಕೇಳಿಸ್ಲಿಲ್ಲ. ಏನ್ ಸಮಾಚಾರ?"

"ಅಲ್ಲೇ ಇರು! ಅವಳಿಗೆ ವಾಪಸ್ ಮಾಡ್ಬೇಡ. ಬಂದೆ!"

ದಾರಿಯಲ್ಲೇ ರಿಪೋರ್ಟನ್ನು ಅಳಿಸಿಹಾಕಿದ. ಸ್ಟೇಷನ್ನಿನ ಮೆಟ್ಟಿಲ ಬಳಿ ರಮ್ಯ ಅಪ್ಪನ ಗ್ಲೂಕೋಮೀಟರಿನ ಚೀಲ ಹಿಡಿದು ನಿಂತಿದ್ದಳು. ಅವನ ಬೆವರು ನೋಡಿ ಅವಳ ಮುಖದ ಬಣ್ಣವೇ ಇಳಿಯಿತು.

"ಏನಾಯ್ತು ರೀ? ಹೇಳಿ."

ಐವತ್ತೈದು ಎನ್ನಲು ಹಂಪಣ್ಣ ಬಾಯಿ ತೆರೆದ. ಇಪ್ಪತ್ತೆರಡು ವರ್ಷ ಗಂಟಲಲ್ಲೇ ಕೂತಿದ್ದ ಸಂಖ್ಯೆ ಅಲ್ಲಿಂದ ಏಳಲಿಲ್ಲ.

"ನನಗೆ ಶುಗರ್ ಬಂದಿದೆ, ರಮ್ಯಾ."

ಅವಳ ಕಣ್ಣು ತುಂಬಿತು. "ಅಪ್ಪನ ಹಾಗೆ ಮುಚ್ಚಿಡ್ಲಿಲ್ವಲ್ಲ, ಅಷ್ಟು ಸಾಕು. ಬೇರೆಯವರಿಂದ ಕೇಳಿದ್ದಿದ್ರೆ ಈ ಜನ್ಮದಲ್ಲಿ ನಂಬ್ತಾ ಇರ್ಲಿಲ್ಲ ನಿಮ್ಮನ್ನ." ಸೆರಗಿನಲ್ಲಿ ಕಣ್ಣೊರೆಸಿಕೊಂಡು ದನಿ ಬದಲಿಸಿದಳು. "ನಾಳೆಯಿಂದ ಐದಕ್ಕೆ ಏಳ್ಬೇಕು. ಕಾಫಿ ಬಂದ್. ಮುದ್ದೆ ಇಷ್ಟೇ." ಅವಳು ತೋರಿಸಿದ್ದು ನಿಂಬೆಹಣ್ಣಿಗಿಂತ ಚಿಕ್ಕದಿತ್ತು.

ಕೊಟ್ಟ ಮಾತನ್ನು ಹಂಪಣ್ಣ ಉಳಿಸಿಕೊಂಡ.