ತಾತನ ಚಾಕು, ನನ್ನ ಜೇಬು

ನಮ್ಮ ಹೈಸ್ಕೂಲಿನ ಭದ್ರತೆಯ ಸಂಪೂರ್ಣ ಹೊಣೆಯನ್ನು ನನ್ನ ಹೆಗಲಿಗೇ ಹೊರಿಸಲಾಯಿತು. ಇದಕ್ಕೆ ನನ್ನ ಶೌರ್ಯವಾಗಲಿ ಮೈಕಟ್ಟಾಗಲಿ ಕಾರಣವಲ್ಲ. ಸ್ಟಾಫ್ ರೂಮಿನಲ್ಲಿ ನಾನು ಹೆಡ್‌ಮೇಡಂ ಹಾಗೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಅವರದೇ ದನಿಯಲ್ಲಿ "ನಿಯಮ ಅಂದ್ರೆ ನಿಯಮ!" ಎಂದು ಭಾಷಣ ಬಿಗಿಯುತ್ತಿದ್ದೆ. ನಗುತ್ತಿದ್ದವರೆಲ್ಲ ಇದ್ದಕ್ಕಿದ್ದಂತೆ ಗಪ್‌ಚುಪ್ ಆದರು. ತಿರುಗಿ ನೋಡಿದೆ. ಮೂಲಪ್ರತಿ ಬಾಗಿಲಲ್ಲೇ ನಿಂತಿತ್ತು!

"ಚೆನ್ನಾಗಿ ಬರುತ್ತೆ ನಿಮಗೆ. ನಿಯಮ ಪಾಲನೆನೂ ನೀವೇ ನೋಡ್ಕೊಳ್ಳಿ, ಹರೀಶ್," ಎಂದರು ಮೇಡಂ.

ನಾನು ಅತಿಥಿ ಶಿಕ್ಷಕ. ಅತಿಥಿಯನ್ನು ಯಾವಾಗ ಬೇಕಾದರೂ "ಹೋಗಿ ಬನ್ನಿ" ಎನ್ನಬಹುದು. ಒಪ್ಪಿಕೊಂಡೆ.

ನಿಯಮ ಹೊಸದು. ಬೇರೆಲ್ಲೋ ಒಂದು ಶಾಲೆಯಲ್ಲಿ ಹುಡುಗರ ಜಗಳದಲ್ಲಿ ಚಾಕು ಆಚೆ ಬಂತು ಎಂಬ ಸುದ್ದಿ ಪೋಷಕರ ಮೊಬೈಲುಗಳಲ್ಲಿ ಸುತ್ತಾಡಿ, ಕೊನೆಗೆ ನಮ್ಮ ಪೋಷಕರ ಸಭೆಗೂ ಬಂದು ಕೂತಿತ್ತು. ತಾಯಂದಿರ ಮುಖದಲ್ಲಿದ್ದ ಹೆದರಿಕೆ ಸುಳ್ಳಲ್ಲ. ಅಂದಿನಿಂದ ಗೇಟಿನೊಳಗೆ ಹರಿತವಾದದ್ದು ಏನೂ ಬರುವಂತಿಲ್ಲ. ಆಫೀಸಿನ ಕತ್ತರಿಯೂ ಬೀರುವಿಗೆ ಹೋಯಿತು. ಲೋಹ ಕಂಡರೆ ಕುಂಯ್ಯೆನ್ನುವ ಒಂದು ಕೋಲೂ ಬಂತು. ಆ ಕೋಲು ಕೈಗೆ ಬಂದಾಗ ನನಗೆ ವಿಧಾನಸೌಧವನ್ನೇ ಕಾಯುವ ಹುಮ್ಮಸ್ಸು!

ಅಷ್ಟರಲ್ಲಿ ಅಜ್ಜ ಅಜ್ಜಿಯರ ದಿನ ಬಂತು. ಅವತ್ತು ನಮ್ಮ ಶಾಲೆಯ ಅತಿ ಹಿರಿಯ ವಿದ್ಯಾರ್ಥಿಯಿಂದ ಆಟದ ಸಾಮಾನಿನ ಕೋಣೆಯ ಉದ್ಘಾಟನೆ. ಆ ಹಿರಿಯ ವಿದ್ಯಾರ್ಥಿ ಬೇರೆ ಯಾರೂ ಅಲ್ಲ, ನನ್ನ ತಾತ.

ತಾತ ಇಲ್ಲಿ ಓದಿದ್ದು ಇದಿನ್ನೂ ಪ್ರೈಮರಿ ಶಾಲೆಯಾಗಿದ್ದಾಗ. ಲೆಕ್ಕದಲ್ಲಿ ಹಿಂದೆ, ಮಗ್ಗಿಯಲ್ಲಿ ಇನ್ನೂ ಹಿಂದೆ. ಆದರೆ ಒಂದು ವಿದ್ಯೆಯಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಇಡೀ ತರಗತಿಯ ಪೆನ್ಸಿಲ್ ಜೀವಿ ಮೊನೆ ಮಾಡಿಕೊಡುತ್ತಿದ್ದದ್ದು ಅವರೇ. ಅದಕ್ಕೆ ಬಳಸುತ್ತಿದ್ದ ಮಡಿಚುವ ಚಾಕು ಇವತ್ತಿಗೂ ಅವರ ಉಡಿದಾರದಲ್ಲಿ ನೇತಾಡುತ್ತದೆ. ಅದರ ಮರದ ಹಿಡಿಯನ್ನು ಚನ್ನಪಟ್ಟಣದ ಗೊಂಬೆ ಕೆಲಸದವರು ಕಡೆದು, ಕೆಂಪು ಅರಗು ಹಚ್ಚಿಕೊಟ್ಟಿದ್ದರಂತೆ. ವೇದಿಕೆಯ ಮೇಲೆ ಮಕ್ಕಳ ಮುಂದೆ ಒಂದು ಪೆನ್ಸಿಲ್ ಜೀವಿ ತೋರಿಸಬೇಕೆಂದು ತಾತನಿಗೆ ಆಸೆ. ಅಭ್ಯಾಸ ಎಂಬ ಹೆಸರಿನಲ್ಲಿ ಮನೆಯ ಪೆನ್ಸಿಲುಗಳೆಲ್ಲ ಬೆರಳುದ್ದಕ್ಕೆ ಇಳಿದಿದ್ದವು.

"ಓದಿದ್ದು ಒಂದೂ ಗ್ಯಾಪ್ಕ ಇಲ್ಲ ಕಣ್ಲಾ. ಇದೊಂದು ಕೈಗೆ ಮರ್ತಿಲ್ಲ," ಎನ್ನುತ್ತಿದ್ದರು.

ನಾನು ಮಹಾ ಬುದ್ಧಿವಂತ. ಇವೆಲ್ಲ ಗೊತ್ತಿದ್ದೂ ನಿಯಮದ ವಿಷಯ ಅವರಿಗೆ ಹೇಳಲೇ ಇಲ್ಲ. ಆ ದಿನ ಹೇಗೋ ನಿಭಾಯಿಸಿದರಾಯಿತು ಎಂದುಕೊಂಡಿದ್ದೆ.

ಗೇಟಿನಲ್ಲಿ ಮೊದಲು ಬಂದವರು ನಮ್ಮ ಬೀದಿಯ ಪುಟ್ಟಮ್ಮಜ್ಜಿ. ಕೋಲು ಆಡಿಸಿದೆ. ಕುಂಯ್ಯ್!

"ಏನೋ ಅದು, ಇಲಿಮರಿ ಮೆಟ್ದಂಗೆ?"

"ಅಜ್ಜಿ, ಸೊಂಟದಲ್ಲಿ ಏನಿದೆ?"

"ಎಲಡಿಕೆ ಚೀಲ ಕಣಪ್ಪ."

ಚೀಲ ಬಿಚ್ಚಿದರೆ ಎಲೆ, ಸುಣ್ಣದ ಡಬ್ಬಿ, ಅದರಡಿ ಫಳಫಳ ಹೊಳೆಯುವ ಅಡಕತ್ತರಿ! ನಿಯಮದ ಪ್ರಕಾರ ಮಾರಕಾಸ್ತ್ರ. ವಶಪಡಿಸಿಕೊಂಡೆ. ಹಿಂದೆ ಬಂದವರಿಗೂ ಕುಂಯ್ಯ್. ಅವರ ಹಿಂದಿನವರಿಗೂ ಕುಂಯ್ಯ್! ನಮ್ಮ ಕಡೆ ಅಡಕತ್ತರಿ ಇಲ್ಲದ ಅಜ್ಜಿಯೂ ಚಾಕು ಇಲ್ಲದ ಅಜ್ಜನೂ ಎಲ್ಲಿದ್ದಾರೆ? ಬಿಸಿಯೂಟದ ದೊಡ್ಡ ಪಾತ್ರೆ ತರಿಸಿದೆ. ಅದು ತುಂಬಿತು. ಯಾವುದು ಯಾರದು ಎಂಬ ಗುರುತು ಮಾಡಬೇಕೆಂದು ನನಗೆ ಹೊಳೆಯಲೇ ಇಲ್ಲ.

"ಹಲ್ಲಿಲ್ದೋಳು ಕಣ್ಲಾ ನಾನು. ಅಡ್ಕೆ ಕತ್ತರಿಸ್ದೆ ನುಂಗ್ಲಾ?" ಎಂದು ಪುಟ್ಟಮ್ಮಜ್ಜಿ ಒಳಗಿಂದಲೇ ಕೂಗಿದರು.

ತಾತನ ಸರದಿಯೂ ಬಂತು. ಇಸ್ತ್ರಿ ಮಾಡಿದ ಪಂಚೆ, ಕಿವಿಯ ಮೇಲೆ ಹೊಸ ಪೆನ್ಸಿಲ್. ಕೋಲು ಕುಂಯ್ಯೆಂದಿತು. ಸಾಲಿನಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು, ಮೊಮ್ಮಗ ಏನು ಮಾಡುತ್ತಾನೋ ಎಂದು. ನ್ಯಾಯ ಎಲ್ಲರಿಗೂ ಒಂದೇ ಅಲ್ಲವೇ? ಕನ್ನಡಕವಿಲ್ಲದ ಮೂಗನ್ನು ಮೇಲೆತ್ತಿ, ಮೇಡಂ ದನಿಯಲ್ಲಿ "ನಿಯಮ ಅಂದ್ರೆ ನಿಯಮ!" ಎಂದೆ.

ಎಲ್ಲರೂ ನಕ್ಕರು. ತಾತ ನಗಲಿಲ್ಲ.

"ನಂಗೂವೇನ್ಲಾ?" ಎಂದಷ್ಟೇ ಕೇಳಿ ಉಡಿದಾರದ ಗಂಟು ಬಿಚ್ಚಿದರು. ಚಾಕುವನ್ನು ನನ್ನ ಅಂಗೈಗಿಟ್ಟು, ಕಿವಿಯ ಮೇಲಿದ್ದ ಪೆನ್ಸಿಲನ್ನೂ ತೆಗೆದುಕೊಟ್ಟು ಒಳಗೆ ಹೋದರು. ನಡೆಯುತ್ತಾ ಒಂದು ಕೈ ಸೊಂಟ ತಡಕುತ್ತಲೇ ಇತ್ತು.

ಆ ಕೆಂಪು ಹಿಡಿಯನ್ನು ಕಬ್ಬಿಣದ ರಾಶಿಗೆ ಎಸೆಯಲು ಮನಸ್ಸು ಬರಲಿಲ್ಲ. ಪೆನ್ಸಿಲಿನ ಜೊತೆ ನನ್ನ ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. ಪಾತ್ರೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ ಜವಾನ, ಬೀಗದ ಕೈ ಸಮೇತ ತಿಂಡಿ ತರಲು ಚನ್ನಪಟ್ಟಣಕ್ಕೆ ಹೋದ.

ಉದ್ಘಾಟನೆ ಶುರುವಾಯಿತು. ರಿಬ್ಬನ್ ಕತ್ತರಿಸಲು ತಾತನ ಕೈಗೆ ಮಕ್ಕಳ ಪ್ಲಾಸ್ಟಿಕ್ ಕತ್ತರಿ ಕೊಟ್ಟರು. ಅದು ರಿಬ್ಬನ್ನನ್ನು ಕತ್ತರಿಸಲಿಲ್ಲ, ಚೀಪಿತು! ತಾತ ಇನ್ನೊಮ್ಮೆ ಪ್ರಯತ್ನಿಸಿದರು. ಮತ್ತೊಮ್ಮೆ. ಮಕ್ಕಳು ಕಿಸಕ್ಕೆಂದರು.

"ಕಚ್ಬುಡ್ಲಾ ಮೇಡಂ?" ಎಂದು ತಾತ ನಗಲು ನೋಡಿದರು. ಬೆರಳು ಕತ್ತರಿಯ ಪುಟ್ಟ ಉಂಗುರದಲ್ಲೇ ಸಿಕ್ಕಿಕೊಂಡಿತ್ತು.

ಮೇಡಂ ಮೈಕಿನಲ್ಲಿ ಕೇಳಿದರು: "ಯಾರ ಹತ್ರನಾದ್ರೂ ಒಂದು ಚಾಕು ಇದೆಯಾ?"

ಅಜ್ಜ ಅಜ್ಜಿಯರ ಕೈಗಳೆಲ್ಲ ಅಭ್ಯಾಸಬಲದಿಂದ ಸೊಂಟಕ್ಕೆ ಹೋಗಿ ಖಾಲಿ ವಾಪಸು ಬಂದವು.

"ಇತ್ತು!" ಎಂದರು ಪುಟ್ಟಮ್ಮಜ್ಜಿ, ನನ್ನನ್ನು ದುರುಗುಟ್ಟಿಕೊಂಡು.

ಕೈಯೆತ್ತಿದರೆ ಕೆಲಸ ಹೋಗಬಹುದು. ಎತ್ತದಿದ್ದರೆ ತಾತ ಆ ಗೊಂಬೆ ಕತ್ತರಿ ಹಿಡಿದು ಮಕ್ಕಳೆದುರು ಹಾಗೇ ನಿಂತಿರಬೇಕು. ಲೆಕ್ಕ ಹಾಕುವಷ್ಟರಲ್ಲಿ ಕೈ ತಾನೇ ಎದ್ದಿತ್ತು. ಇಡೀ ಶಾಲೆಯಲ್ಲಿ ಆಯುಧ ಹೊಂದಿದ್ದ ಏಕೈಕ ವ್ಯಕ್ತಿ ಭದ್ರತಾ ಮುಖ್ಯಸ್ಥ!

ವೇದಿಕೆ ಹತ್ತಿದೆ. ಮೇಡಂ ನನ್ನ ಕಂಕುಳಲ್ಲಿದ್ದ ಕೋಲನ್ನು ತೆಗೆದುಕೊಂಡು ನನ್ನ ಮೇಲೇ ಆಡಿಸಿದರು. ಕುಂಯ್ಯ್!

"ಹರೀಶ್! ನಿಯಮ ಅಂದ್ರೆ..."

"...ನಿಯಮ!" ಎಂದುಬಿಟ್ಟೆ, ಗಾಬರಿಯಲ್ಲಿ, ಅವರದೇ ದನಿಯಲ್ಲಿ. ಮೈಕು ಆನ್ ಆಗಿತ್ತು. ಶಾಮಿಯಾನ ಹಾರಿಹೋಗುವ ಹಾಗೆ ಜನ ನಕ್ಕರು. ಮೇಡಂ ತುಟಿ ಬಿಗಿಹಿಡಿದರು. ಆ ತುಟಿಯ ಒಂದು ಅಂಚು ಮಾತ್ರ ನಿಯಮ ಪಾಲಿಸಲಿಲ್ಲ.

ಚಾಕು ತೆಗೆದುಕೊಟ್ಟೆ. ತಾತ ರಿಬ್ಬನ್ ಕತ್ತರಿಸಿದರು. ಚಾಕು ಮಡಿಚುವ ಮುಂಚೆ ನನ್ನ ಜೇಬಿನಿಂದ ಇಣುಕುತ್ತಿದ್ದ ಪೆನ್ಸಿಲ್ ನೋಡಿ, "ಮೇಡಮ್ಮಾರೇ, ಒಂದೇ ಒಂದು ಪೆನ್ಸಿಲ್ ಜೀವ್ಲಾ?" ಎಂದು ಕೇಳಿದರು. ಮೇಡಂ ತಾವೇ ಕುರ್ಚಿ ಎಳೆದುಕೊಟ್ಟರು, ನಾನು ಪೆನ್ಸಿಲ್ ಕೊಟ್ಟೆ. ಮೆಂಡರ್ ಬಿಟ್ಟು ಬೇರೇನೂ ನೋಡಿರದ ಮಕ್ಕಳು ಸುತ್ತ ನೆರೆದರು. ಗೊಂಬೆ ಕತ್ತರಿಯಲ್ಲಿ ತಡವರಿಸಿದ್ದ ಆ ಕೈಗೆ ಪೆನ್ಸಿಲ್ ಹಿಡಿದದ್ದೇ ಹಳೆಯ ಪಳಗಿಕೆ ಬಂತು. ಸಿಪ್ಪೆ ತುಂಡಾಗದೆ ಸುರುಳಿ ಸುರುಳಿಯಾಗಿ ಇಳಿಯಿತು. ಮಕ್ಕಳು ಅದನ್ನು ಹಿಡಿಯಲು ಅಂಗೈ ಚಾಚಿದರು, ನಾನೂ.

ಆಮೇಲೆ ತಾತ ಚಾಕು ಮಡಿಚಿ, ಹಿಡಿಯನ್ನು ಮುಂದೆ ಮಾಡಿ ಮೇಡಂಗೆ ಕೊಟ್ಟರು.

"ನಮ್ ಮೇಷ್ಟ್ರೂ ಅಂಗೇಯ. ಪೆನ್ಸಿಲ್ ಆಯ್ತಿದ್ದಂಗೆ ಇಸ್ಕೊಂಡು ಮೇಜಿನ ಮೇಲೆ ಇಟ್ಕೊಬುಡೋರು, ಸಂಜೆ ಕೊಡೋರು. ಐಕ್ಳ ಕೈಲಿ ಆಡೋಕೆ ಬುಡ್ತಿರ್ನಿಲ್ಲ. ನೀವು ಮಾಡಿರೋದು ಸರಿಯಾಗೈತೆ ಕಣವ್ವ." ನನ್ನ ಕಡೆ ತಿರುಗಿ, "ಆದ್ರೆ ಲೇ, ಇಸ್ಕೊಳೋವಾಗ ಒಸಿ ನಗ್ತಾ ಇಸ್ಕೋಬೇಕು ಕಣ್ಲಾ. ಅಣಕಿಸ್ತಾ ಅಲ್ಲ," ಎಂದರು.

ಸಂಜೆ ಅಡಕತ್ತರಿ ವಾಪಸು ಕೊಡುವಾಗ ನಡೆದದ್ದನ್ನು ಹೇಳುವ ಧೈರ್ಯ ನನಗಿಲ್ಲ. ಒಂದಕ್ಕೆ ಮೂವರು ಒಡತಿಯರು ಎಂದು ಮಾತ್ರ ತಿಳಿಯಿರಿ. ಪುಟ್ಟಮ್ಮಜ್ಜಿ ಇವತ್ತಿಗೂ ನನ್ನನ್ನು ಬೀದಿಯಲ್ಲಿ ಕಂಡರೆ ಚೀಲ ಮುಚ್ಚಿಕೊಳ್ಳುತ್ತಾರೆ.

ನನ್ನ ಕೆಲಸ ಉಳಿಯಿತು. ಕೋಲು ಮಾತ್ರ ಮೇಡಂ ಕೈಗೆ ಹೋಯಿತು. ದಿನಾ ಬೆಳಿಗ್ಗೆ ಗೇಟಿನಲ್ಲಿ ಮೊದಲು ತಪಾಸಣೆಯಾಗುವುದು ನನ್ನದೇ. ಊರವರನ್ನೆಲ್ಲ ಅಣಕಿಸುವ ನಾನು ಈಗ ತರಗತಿಗೆ ಕಾಲಿಟ್ಟರೆ ಸಾಕು, ಹಿಂದಿನ ಬೆಂಚಿನಿಂದ ದನಿ ಬರುತ್ತದೆ: ಕುಂಯ್ಯ್!

ಬೈಯೋಣವೆಂದರೆ ಬಾಯಿ ಬರುವುದಿಲ್ಲ. ಹಾಳಾದವರು, ನನಗಿಂತ ಚೆನ್ನಾಗಿ ಮಾಡುತ್ತಾರೆ.