ಕುದುರೆ ಹೇಳಿಕೊಟ್ಟ ಸೌಂದರ್ಯ

ಸೌಂದರ್ಯದ ಗುಟ್ಟು ನನಗೆ ಸಿಕ್ಕಿದ್ದು ಕೊಲ್ಹಾಪುರದ ಟಾಂಗಾ ಸ್ಟ್ಯಾಂಡಿನಲ್ಲಿ. ಹೇಳಿಕೊಟ್ಟದ್ದು ಒಂದು ಕುದುರೆ!

ನಗಬೇಡಿ. ಆಗ ನನಗೆ ಇಪ್ಪತ್ತೆರಡು ವರ್ಷ. ದೊಡ್ಡ ಯುದ್ಧ ಇನ್ನೂ ಶುರುವಾಗಿರಲಿಲ್ಲ, ಆದರೆ ನನ್ನ ಮುಖದ ಮೇಲೆ ಎರಡು ವರ್ಷದಿಂದ ಯುದ್ಧ ನಡೆದಿತ್ತು. ಹಣೆಗೆ ಮೊಡವೆ, ಗಲ್ಲಕ್ಕೆ ಮೊಡವೆ, ಮೂಗಿನ ತುದಿಯಲ್ಲಿ ಅವೆಲ್ಲಕ್ಕೂ ಹಿರಿಯನಂಥ ಒಂದು ಮೊಡವೆ. ಇಚಲಕರಂಜಿಯಲ್ಲಿ ನಮ್ಮದು ಸೀರೆ ಅಂಗಡಿ. ಬಂದ ಹೆಂಗಸರು ಸೀರೆ ನೋಡುವುದು ಬಿಟ್ಟು ನನ್ನ ಮುಖ ನೋಡಿ, "ಅಯ್ಯ ಪಾಪ, ಬೇವಿನೆಲಿ ಅರದು ಹಚ್ಚರಿ" ಎಂದು ಔಷಧ ಹೇಳಿ ಹೋಗುತ್ತಿದ್ದರು.

ಅದನ್ನೂ ಸಹಿಸಿಕೊಂಡಿದ್ದೆ. ಅಷ್ಟರಲ್ಲಿ ಗಡಹಿಂಗ್ಲಜದಿಂದ ಒಂದು ಸಂಬಂಧ ಬಂತು. ಹುಡುಗಿ ಪದ್ಮಾವತಿ. ಅವಳನ್ನು ನಾನು ಹಿಂದಿನ ವರ್ಷ ದಾನೋಳಿಯ ಒಂದು ಮದುವೆಯಲ್ಲಿ ನೋಡಿದ್ದೆ. ಪಂಕ್ತಿಯಲ್ಲಿ ತುಪ್ಪ ಬಡಿಸುತ್ತ ಬಂದವಳು ಎಲ್ಲರಿಗೂ ಒಂದು ಸಲ, ನನ್ನ ಎಲೆಗೆ ಎರಡು ಸಲ ಬಡಿಸಿದ್ದಳು. ಗಡಿಬಿಡಿಯಲ್ಲಿ ಮರೆತು ಬಡಿಸಿರಬೇಕು ಎಂದುಕೊಂಡೆ. ಆದರೂ ಆ ಎರಡನೇ ಸಲದ ತುಪ್ಪದ ಮೇಲೆ ನಾನು ಒಂದು ವರ್ಷ ಬದುಕಿದ್ದೆ. ಈಗಾಗಲೇ ಇಬ್ಬರು ವರರನ್ನು ಅವಳು ಒಲ್ಲೆ ಅಂದಿದ್ದಳಂತೆ. ಮೂರನೆಯವನು ನಾನಾಗಬಾರದು!

ಮನೆಯಲ್ಲಿ ಆಯಿ, ಅಂದರೆ ನನ್ನ ತಂದೆಯ ತಾಯಿ, ಬಿಟ್ಟಿ ಸಲಹೆ ಕೊಟ್ಟಳು. "ಭೂಪಾಲ, ಆ ಗಾಡಿಯವನ ಮಿರ್ಚಿ ಭಜಿ ಬಿಡು. ಮಜ್ಜಿಗಿ ಕುಡಿ, ಸವತಿಕಾಯಿ ತಿನ್ನು, ಹೊತ್ತು ಮುಳುಗೂದ್ರಾಗ ಉಣ್ಣು. ತಿಂಗಳದಾಗ ಮಾರಿ ನೆಟ್ಟಗ ಆಕ್ಕೈತಿ."

ಮ್ಯಾಟ್ರಿಕ್ ಮೆಟ್ಟಿಲು ಹತ್ತಿದವನು ಮಜ್ಜಿಗೆಯ ಮಾತು ಕೇಳುವುದುಂಟೇ? ಅದೇ ವಾರ ಅಂಗಡಿಯ ಕೆಲಸಕ್ಕೆ ಕೊಲ್ಹಾಪುರಕ್ಕೆ ಹೋದೆ. ಸ್ಟ್ಯಾಂಡಿನಲ್ಲಿ ದಸ್ತಗೀರ ಚಾಚಾನ ಟಾಂಗಾ. ಅವನ ಕುದುರೆಯ ಮೈ ನೋಡಿ ನಾನು ನಿಂತಲ್ಲೇ ನಿಂತೆ. ಅದರ ಚರ್ಮದಲ್ಲಿ ಮುಖ ನೋಡಿಕೊಂಡು ಕ್ರಾಪು ತೆಗೆಯಬಹುದಿತ್ತು!

"ಚಾಚಾ, ಇದಕ್ಕ ಏನ ತಿನ್ನಸ್ತಿ?"

"ಗಜ್ಜರಿ, ಮಾಲಕ. ದಿನಾ ಬುಟ್ಟಿಗಟ್ಟಲೆ ಗಜ್ಜರಿ!"

ಗಜ್ಜರಿ ಅಂದರೆ ಕ್ಯಾರೆಟ್ಟು. ಕುದುರೆಯೂ ತಲೆ ಅಲ್ಲಾಡಿಸಿ ಹೌದು ಅಂದಿತು. ನನಗೆ ಇನ್ನೇನು ಪುರಾವೆ ಬೇಕು?

ಒಂದೇ ತೊಡಕು. ನಾವು ಜೈನರು. ಮಣ್ಣೊಳಗೆ ಬೆಳೆಯುವ ಗಡ್ಡೆ, ಗೆಣಸು, ಉಳ್ಳಾಗಡ್ಡಿ, ಗಜ್ಜರಿ ಯಾವುದೂ ನಮ್ಮ ಹೊಸ್ತಿಲು ದಾಟುತ್ತಿರಲಿಲ್ಲ. ಊರಲ್ಲಿ ಯಾರ್ಯಾರು ಎಷ್ಟೆಷ್ಟು ಸಡಿಲ ಬಿಟ್ಟಿದ್ದರೋ, ಆಯಿ ಬಿಟ್ಟಿರಲಿಲ್ಲ. ಕತ್ತಲಾದ ಮೇಲೆ ನೀರನ್ನೂ ಮುಟ್ಟದ ಜೀವ ಅದು. ಮೊಮ್ಮಗ ಗಜ್ಜರಿ ತಿಂದ ಎಂದು ತಿಳಿದರೆ ಎದೆ ಒಡೆದುಕೊಂಡಾಳು. ಆದ್ದರಿಂದ ಈ ಮಹಾಪಾತಕವನ್ನು ನಾನು ಗೆಳೆಯ ಸಿದ್ಲಿಂಗನ ಮನೆಯಲ್ಲಿ ನಡೆಸಲು ತೀರ್ಮಾನಿಸಿದೆ. ಅವನು ನೇಕಾರ. ನೆಲದಲ್ಲಿ ಕುಣಿ ತೋಡಿ ಕೂಡಿಸಿದ ಮಗ್ಗ ಅವನದು. ನಾನು ಆ ಕುಣಿಯಲ್ಲಿ ಕಾಲು ಇಳಿಬಿಟ್ಟು, ಬಗ್ಗಿ ಕೂತು, ಮುಂಜಾನೆ ಆರು, ಸಂಜೆ ಆರು ಹಸಿ ಗಜ್ಜರಿ ಕಡಿಯುತ್ತಿದ್ದೆ. ಸಪ್ಪಳ ಕೇಳಿ ಅವನ ತಾಯಿ ಒಳಗಿನಿಂದ ಕೂಗಿದಳು: "ಸಿದ್ದ್ಯಾ, ಮಗ್ಗದಾಗ ಕುದರಿ ಕಟ್ಟಿ ಏನೋ?"

ಎರಡು ವಾರಕ್ಕೆ ಫಲ ಕಂಡಿತು. ಮುಖಕ್ಕೆ ಒಂದು ಬಗೆಯ ಬಂಗಾರದ ಬಣ್ಣ ಬಂತು. ಕನ್ನಡಿಯ ಮುಂದೆ ನಿಂತು ಹಿಗ್ಗಿದೆ. ಮರುವಾರ ಅಂಗೈಗೂ ಬಂತು. ಅಂಗಾಲಿಗೂ ಬಂತು. ಅಂಗಾಲಿನ ಸೌಂದರ್ಯ ನನಗೆ ಬೇಕಾಗಿರಲಿಲ್ಲ!

ಅವ್ವ ತಾಟು ಕೆಳಗೆ ಬಿಟ್ಟು ಚೀರಿದಳು: "ಅಯ್ಯಯ್ಯ, ನನ್ನ ಮಗಗ ಕಾಮಣಿ ಆಗೇತಿ!"

ಮನೆಯೆಲ್ಲ ಸುತ್ತುಗಟ್ಟಿತು. ಅಪ್ಪನ ಮುಖ ನನಗಿಂತ ಹಳದಿಯಾಯಿತು. ಕಾಮಣಿ, ಅಂದರೆ ಕಾಮಾಲೆ, ಆದ ವರನನ್ನು ಯಾರು ಒಪ್ಪುತ್ತಾರೆ? ಕಾಮಣಿ ಅಲ್ಲ ಎನ್ನೋಣವೆಂದರೆ ಗಜ್ಜರಿಯ ಹೆಸರು ಹೇಳಬೇಕು. ಆಯಿ ನನ್ನ ಕಣ್ಣಿನ ರೆಪ್ಪೆ ಕೆಳಗೆ ಜಗ್ಗಿ ನೋಡಿದಳು. ಆಮೇಲೆ ಗಂಭೀರವಾಗಿ, "ಹ್ಞೂಂ, ಕಾಮಣಿನ ಐತಿ. ಇವತ್ತಿಂದ ಎಣ್ಣಿ ಇಲ್ಲ, ಖಾರ ಇಲ್ಲ. ಬರೇ ಮಜ್ಜಿಗಿ ಅನ್ನ" ಎಂದು ತೀರ್ಪು ಕೊಟ್ಟಳು.

ಮುಂದೆ ಇಪ್ಪತ್ತು ದಿನ ಮಜ್ಜಿಗೆ, ಅನ್ನ, ಹೆಸರುಬೇಳೆ ಕಟ್ಟು, ಸವತಿಕಾಯಿ, ಬಾಳೆಹಣ್ಣು. ಬೆಳಗ್ಗೆ ಏಳುತ್ತಲೇ ಒಂದು ಲೋಟ ಕಹಿ ಕಷಾಯ. ಆಯಿ ಎದುರಿಗೆ ಕೂತು ಕೊನೆಯ ಹನಿಯವರೆಗೆ ಕುಡಿಸುತ್ತಿದ್ದಳು. ಆಶ್ಚರ್ಯವೆಂದರೆ ಮೊಡವೆಗಳು ಒಂದೊಂದಾಗಿ ಗಂಟುಮೂಟೆ ಕಟ್ಟಿದವು. ಮೂಗಿನ ತುದಿಯ ಹಿರಿಯನೂ ಹೋದ. ಅದರ ಶ್ರೇಯಸ್ಸನ್ನು ನಾನು ಗಜ್ಜರಿಗೇ ಕೊಟ್ಟೆ! ಖುಷಿಯಲ್ಲಿ ಕದ್ದು ಹೋಗಿ ದಿನಕ್ಕೆ ನಾಲ್ಕು ಹೆಚ್ಚಿಗೆ ತಿಂದೆ. ಬಣ್ಣವೂ ಅಷ್ಟೇ ಹೆಚ್ಚಾಯಿತು. ಕೊನೆಗೆ ಸಿದ್ಲಿಂಗನೇ, "ಲೇ, ನಿನಗ ಕಾಮಣಿ ಗೀಮಣಿ ಏನೂ ಇಲ್ಲ. ಗಜ್ಜರಿ ಬಣ್ಣ ಮೈಯಾಗ ಇಳದೈತಿ. ಇನ್ನ ನಿನಗ ಒಂದೂ ಕೊಡಂಗಿಲ್ಲ" ಎಂದು ಬುಟ್ಟಿ ಕಸಿದುಕೊಂಡ. ಅಷ್ಟೊತ್ತಿಗೆ ಹೆಣ್ಣು ನೋಡಲು ಹೋಗುವುದಕ್ಕೆ ನಾಲ್ಕೇ ದಿನ ಉಳಿದಿತ್ತು.

ಆ ದಿನ ಅಪ್ಪ ನನ್ನ ಮುಖಕ್ಕೆ ದಪ್ಪಗೆ ಪೌಡರು ಬಳಿದರು. "ಕೈ ಮಾತ್ರ ಕೋಟಿನ ಖಿಸೆದಾಗಿಂದ ಹೊರಗ ತಗೀಬ್ಯಾಡ" ಎಂದು ಎಚ್ಚರಿಸಿದರು. ಸರ್ವಿಸ್ ಮೋಟರಿನ ಸೆಕೆಗೆ ಪೌಡರಿನಲ್ಲಿ ಬೆವರಿನ ಕಾಲುವೆಗಳು ಹರಿದವು. ಗಡಹಿಂಗ್ಲಜದಲ್ಲಿ ಇಳಿದಾಗ ನನ್ನ ಮುಖ ಬಿಳಿ ಹಳದಿ ಪಟ್ಟೆಯ ಸೀರೆಯಂತಿತ್ತು.

ಹೆಣ್ಣಿನ ಮನೆಯಲ್ಲಿ ಎಲ್ಲರೂ ಕೈಮುಗಿದರು. ನಾನು ಖಿಸೆಯಲ್ಲಿ ಕೈ ಇಟ್ಟುಕೊಂಡೇ ತಲೆ ಬಾಗಿಸಿದೆ. ಅವಲಕ್ಕಿ ಬಂತು. ನಾನು ಮುಟ್ಟಲಿಲ್ಲ.

"ತಗೋರಿ, ತಗೋರಿ," ಎಂದರು ಹುಡುಗಿಯ ತಂದೆ.

"ಹಸಿವಿಲ್ಲರಿ."

"ಚಹಾರೆ ತಗೋರಿ."

"ಒಲ್ಲೇನ್ರಿ."

ಹುಡುಗಿಯ ಸೋದರಮಾವ ನನ್ನ ಖಿಸೆಗಳನ್ನೇ ನೋಡುತ್ತಿದ್ದ. ಪಕ್ಕದವರ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು: "ಭಾವಾ, ಹುಡುಗಗ ಬೆರಳ ಎಲ್ಲಾ ಅದಾವೋ ಇಲ್ಲೋ, ಮದಲ ನೋಡ್ರಿ!"

ಅಷ್ಟರಲ್ಲಿ ಪದ್ಮಾ ನೀರಿನ ಲೋಟ ಹಿಡಿದು ಬಂದಳು. ನೇರವಾಗಿ ನನ್ನ ಮುಂದೆ ನಿಂತಳು. ಇದಕ್ಕೂ ಒಲ್ಲೆ ಅನ್ನುವ ಗಂಡಸು ನಾನಾಗಿರಲಿಲ್ಲ. ಹೋದರೆ ಹೋಗಲಿ ಎಂದು ಎರಡೂ ಕೈ ಹೊರತೆಗೆದೆ. ಹತ್ತೂ ಬೆರಳು ಗಜ್ಜರಿಯಂತೆಯೇ ಹೊಳೆದವು. ಆಗ ನಾನು ಲೋಟ ಹಿಡಿದ ಅವಳ ಕೈ ನೋಡಿದೆ. ಅದೂ ಹಳದಿ! ಬೆರಳು, ಅಂಗೈ, ಉಗುರು ಎಲ್ಲ ಅಪ್ಪಟ ಹಳದಿ!

"ನೋಡ್ರಿಲ್ಲೆ," ಎಂದು ಅವಳ ಅಜ್ಜಿ ಸಂಭ್ರಮದಿಂದ ಕೂಗಿದಳು, "ಅರಿಷಿಣ ಹಚ್ಚಿ ಕರಕೊಂಡ ಬಂದಾರ ಹುಡುಗನ್ನ! ಶಕುನ ಭಾಳ ಚಲೋ ಆತು!"

"ಹೌದ್ರಿ, ಹೌದ್ರಿ! ನಮ್ಮಲ್ಲಿ ಹಂಗ ಪದ್ಧತಿ," ಎಂದರು ಅಪ್ಪ. ಅಂಥ ಪದ್ಧತಿ ನಮ್ಮ ಏಳು ತಲೆಮಾರಿನಲ್ಲಿ ಇರಲಿಲ್ಲ. ಆದರೆ ಸಂಬಂಧ ಗಟ್ಟಿಯಾಯಿತು.

ನನ್ನ ಸಂತೋಷಕ್ಕೆ ಕಾರಣ ಬೇರೆಯೇ ಇತ್ತು. ಅವಳ ಅಂಗೈ ಕಂಡ ಕ್ಷಣವೇ ನನಗೆ ಗೊತ್ತಾಗಿತ್ತು. ಇವಳೂ ಎಲ್ಲೋ ಕೂತು, ನನಗಾಗಿ ಚಂದ ಆಗಬೇಕೆಂದು, ಕದ್ದು ಗಜ್ಜರಿ ತಿಂದಿದ್ದಾಳೆ! ಪಾಪದಲ್ಲಿ ನನಗೆ ಜೊತೆ ಸಿಕ್ಕಿದ್ದಾಳೆ!

ಮದುವೆಯಾದ ಮೇಲೆ ಅವಳನ್ನು ಕೊಲ್ಹಾಪುರ ತೋರಿಸಲು ಕರೆದೊಯ್ದೆ. ಬೇಕೆಂತಲೇ ದಸ್ತಗೀರ ಚಾಚಾನ ಟಾಂಗಾ ಹತ್ತಿದೆ. ರಂಕಾಳ ಕೆರೆಯ ಗಾಳಿ, ಕುದುರೆಯ ಗೊರಸಿನ ಸಪ್ಪಳ, ಪಕ್ಕದಲ್ಲಿ ಹಸಿರು ಸೀರೆಯ ಹೆಂಡತಿ. ಇಂದಿಗೂ ಕಣ್ಣು ಮುಚ್ಚಿದರೆ ಆ ಸಂಜೆ ಕಾಣುತ್ತದೆ. ಮೆಲ್ಲಗೆ ಕೇಳಿದೆ: "ಪದ್ಮಾ, ನೀ ದಿನಕ್ಕ ಎಷ್ಟ ತಿಂತಿದ್ದಿ?"

"ಏನ್ರಿ?"

"ಗಜ್ಜರಿ! ನನ್ನ ಮುಂದ ನಾಚಬ್ಯಾಡ. ನಾ ಹನ್ನೆರಡ ತಿಂತಿದ್ದೆ."

ಅವಳು ಕಣ್ಣರಳಿಸಿದಳು. "ಅಯ್ಯಯ್ಯ! ಗಜ್ಜರಿ? ನಾ ಆವತ್ತ ಮುಂಜಾನಿಂದ ಅರಿಷಿಣ ಕುಟ್ಟಾಕತ್ತಿದ್ದೆರಿ!"

ಆಮೇಲೆ ನಕ್ಕಳು. ಟಾಂಗಾ ಅಲ್ಲಾಡುವಂತೆ ನಕ್ಕಳು. ಚಾಚಾ ತಿರುಗಿ ನೋಡಿ ವಿಷಯ ಕೇಳಿ, ತಾನೂ ನಕ್ಕು, "ಅರೇ ಮಾಲಕ! ಗಜ್ಜರಿ ಅದರ ಖುಷಿಗೆ. ಮೈ ಮಿಂಚೂದು ನಾ ದಿನಾ ಎರಡ ಹೊತ್ತು ತಿಕ್ಕತೀನಲ್ಲ, ಅದಕ್ಕ!" ಎಂದ.

ಅಂದಿನಿಂದ ನನ್ನ ಜುಟ್ಟು ಅವಳ ಕೈಯಲ್ಲಿ. ನಾನು ಸ್ವಲ್ಪ ದನಿ ಏರಿಸಿದರೆ ಸಾಕು, "ಆಯಿ, ಒಂದ ಮಾತ ಹೇಳೂದೈತಿ..." ಎಂದು ಎದ್ದು ನಿಲ್ಲುತ್ತಿದ್ದಳು. ನಾನು ತೆಪ್ಪಗಾಗುತ್ತಿದ್ದೆ. ಹೀಗೆ ಆರು ವರ್ಷ ನಡೆಯಿತು. ಆಯಿ ತೀರಿಕೊಂಡ ಮೇಲೆ, ಅತ್ತು ಅತ್ತು ಹಗುರಾದ ಒಂದು ಮಧ್ಯಾಹ್ನ ನಾನೇ ಹೇಳಿದೆ: "ಪಾಪ, ಕೊನೀತನಕ ಆಕಿಗೆ ಗೊತ್ತಾಗಲಿಲ್ಲ."

"ಯಾರಿಗೆ? ಆಯಿಗೆ?" ಪದ್ಮಾ ಕಣ್ಣೊರೆಸಿಕೊಂಡು ನಕ್ಕಳು. "ಕಾಮಣಿ ಆದ್ರ ಕಣ್ಣ ಹಳದಿ ಆಕ್ಕಾವು, ನಿಮ್ಮವು ಬೆಳ್ಳಗ ಇದ್ದೂವಂತ. ನಿಮ್ಮ ಅಂಗಿ ಖಿಸೆದಾಗ ಗಜ್ಜರಿ ತೊಪ್ಪಲಾ ಸಿಕ್ಕಿತ್ತಂತ. 'ಮಜ್ಜಿಗಿ ಕುಡಿ ಅಂದ್ರ ಕುಡೀಲಿಲ್ಲ, ಕಾಮಣಿ ಅಂದ ಕೂಡ್ಲೆ ಇಪ್ಪತ್ತ ದಿನ ಕುಡದ. ಮಾರೀನೂ ನೆಟ್ಟಗಾತು' ಅಂತ ನನ್ನ ಮುಂದ ಹೇಳಿ ಹೇಳಿ ನಗತಿದ್ಲು. ನಿಮಗ ಹೇಳಬ್ಯಾಡ ಅಂದಿದ್ಲು."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎದೆ ಒಡೆದುಕೊಂಡಾಳು ಎಂದು ನಾನು ಹೆದರಿದ ಆಯಿ, ಆ ಪಾಪವನ್ನೂ ನನ್ನ ಪರವಾಗಿ ಹೊಟ್ಟೆಗೆ ಹಾಕಿಕೊಂಡಿದ್ದಳು. ಉಳಿದ ಒಂದಿಷ್ಟು ಮಾನವನ್ನಾದರೂ ಕಾಪಾಡಿಕೊಳ್ಳೋಣವೆಂದು, "ಇರಲಿ. ಮೊಡವೆ ಹೋದ ಮಾರಿ ನೋಡಿನ ನೀ ನನ್ನ ಒಪ್ಪಿದ್ದು. ಹೌದಿಲ್ಲೋ?" ಎಂದೆ.

"ಆ ಪೌಡರಿನಾಗ ಮಾರಿ ಎಲ್ಲಿ ಕಾಣತಿತ್ತರಿ? ನಾ ನಿಮ್ಮನ್ನ ದಾನೋಳ್ಯಾಗನ ನೋಡಿದ್ದೆ, ಮಾರಿ ತುಂಬ ಮೊಡವಿ ಇದ್ದಾಗ. ತುಪ್ಪ ಎರಡ ಸಲ ಯಾಕ ಹಾಕಿದ್ದೆ ಅಂತ ನಿಮಗ ಇನ್ನಾ ತಿಳದಿಲ್ಲೇನ್ರಿ?"

ಟಾಂಗಾದ ಕುದುರೆಗೆ ಅಕ್ಕಪಕ್ಕ ಕಾಣದಿರಲೆಂದು ಕಣ್ಣಿಗೆ ಪಟ್ಟಿ ಕಟ್ಟುತ್ತಾರೆ. ನನಗೆ ಯಾರೂ ಕಟ್ಟಿರಲಿಲ್ಲ. ಆದರೂ ಕಾಣಲಿಲ್ಲ!