ಗುಂಡನನ್ನು ಕಲಬುರಗಿಗೆ ತೋರಿಸಲು ಹೊರಟದ್ದು

ಕಾಲೇಜಿನ ಹುಡುಗರಿಗೆ ಭೌತಶಾಸ್ತ್ರ ಕಲಿಸುವವನಿಗೆ ಮನೆಯ ರೂಟರ್ ಯಾವ ಲೆಕ್ಕ? ಹೀಗೆಂದುಕೊಂಡೇ ನಾನು ಆ ಶನಿವಾರ ಕಾಫಿ ಕುಡಿದು ಅಂಗಿಯ ತೋಳು ಮಡಚಿದೆ.

ವಿಷಯ ಇಷ್ಟು. ಬ್ಯಾಂಕಿನವರು ನನ್ನ ಹೆಂಡತಿ ಸುಮಳನ್ನು ಕಲಬುರಗಿಗೆ ವರ್ಗ ಮಾಡಿದ್ದರು. ಅಲ್ಲಾಳಸಂದ್ರದ ಬಾಡಿಗೆ ಮನೆಯಲ್ಲಿ ಉಳಿದವನು ನಾನು. ಗೇಟಿನ ಹೊರಗೆ ಉಳಿದವನು ಗುಂಡ, ಅವಳು ಅನ್ನ ಹಾಕಿ ಸಾಕಿದ ಬೀದಿನಾಯಿ. ಸಂಜೆ ಅವಳ ಸ್ಕೂಟರ್ ಬರುತ್ತಿದ್ದ ಹೊತ್ತಿಗೆ ಗುಂಡ ಈಗಲೂ ಗೇಟಿಗೆ ಬಂದು ರಸ್ತೆ ನೋಡುತ್ತಾ ಕೂರುತ್ತಾನೆ. ನಾನೂ ಏನೋ ನೆಪ ಮಾಡಿಕೊಂಡು ಅಲ್ಲೇ ನಿಲ್ಲುತ್ತೇನೆ. ಅವಳು ಬರುವುದಿಲ್ಲವೆಂದು ನನಗಾದರೂ ಗೊತ್ತು. ಆದರೂ ನಿಲ್ಲುತ್ತೇನೆ.

"ರೀ, ಗುಂಡನ್ನ ನೋಡ್ಬೇಕು ಅನ್ನಿಸ್ತಿದೆ ಕಣ್ರೀ," ಎಂದಳು ಫೋನಿನಲ್ಲಿ. ನನ್ನನ್ನು ನೋಡಬೇಕೆಂದು ಹೇಳಲಿಲ್ಲ. ಇರಲಿ!

ಗೇಟಿಗೊಂದು ಕ್ಯಾಮೆರಾ ತಂದೆ. ಅದನ್ನು ಕಲಬುರಗಿಯಿಂದ ನೋಡಬೇಕಾದರೆ ರೂಟರ್‌ನಲ್ಲಿ ಒಂದು ನಿಯಮ ಬರೆಯಬೇಕಂತೆ. ಮನೆಗೆ ಬಾಗಿಲು ಒಂದೇ, ಒಳಗೆ ಕೋಣೆ ಹಲವು. ಹೊರಗಿನಿಂದ ಬಂದವರನ್ನು ಯಾವ ಕೋಣೆಗೆ ಕಳಿಸಬೇಕೆಂದು ಬಾಗಿಲಲ್ಲಿ ಕೂತ ರೂಟರ್‌ಗೆ ಹೇಳಿಡಬೇಕು. ಕ್ಯಾಮೆರಾಕ್ಕೆ ರೂಟರ್ ಕೊಟ್ಟಿದ್ದ ನಂಬರನ್ನು ಬರೆದೆ, ಸೇವ್ ಒತ್ತಿದೆ. ಅಷ್ಟರಲ್ಲಿ ಕರೆಂಟು ಹೋಗಿ ಬಂತು. ಅದಕ್ಕೇನು, ಹೋಗುತ್ತೆ, ಬರುತ್ತೆ! ಬಿಸ್ಕೆಟ್ ಹಾಕಿ ಗುಂಡನನ್ನು ಗೇಟಿನ ಬಳಿ ಕೂರಿಸಿ ಫೋನ್ ಮಾಡಿದೆ.

"ಸುಮಾ, ನಾನು ಕಳಿಸಿದ ಲಿಂಕ್ ಈಗ ತೆಗಿ. ಗುಂಡ ಕಾಣ್ತಾನೆ."

"ಇಂಕ್ ಖಾಲಿ ಅಂತ ಕಾಣ್ತಿದೆ ರೀ."

"ಏನು?"

"ನಮ್ಮ ಪ್ರಿಂಟರ್‌ದು. ಕಪ್ಪು ಇಂಕ್ ಖಾಲಿಯಂತೆ. ಗುಂಡ ಎಲ್ಲಿ?"

ಕರೆಂಟು ಹೋಗಿಬಂದಾಗ ರೂಟರ್ ಎಲ್ಲರಿಗೂ ಹೊಸದಾಗಿ ನಂಬರು ಹಂಚಿ, ಕ್ಯಾಮೆರಾದ ನಂಬರನ್ನು ಪ್ರಿಂಟರ್‌ಗೆ ಕೊಟ್ಟುಬಿಟ್ಟಿತ್ತು! ನಿಯಮ ತಿದ್ದಿದೆ. ಈ ಸಲ ಚಿತ್ರ ಬಂತು, ಆದರೆ ಅವಳಿಗೆ ಕಂಡದ್ದು ಬರೀ ಆಕಾಶ. "ಏಣಿ ಹತ್ತಿ ಕ್ಯಾಮೆರಾ ತಿರುಗಿಸ್ತೀನಿ, ಒಂದೇ ನಿಮಿಷ" ಎಂದು ಮೆಸೇಜ್ ಹಾಕಿದೆ. ಹತ್ತಿದೆ, ತಿರುಗಿಸಿದೆ, ಕ್ಷೇಮವಾಗಿ ಇಳಿದೆ. ಇಳಿಯುವಷ್ಟರಲ್ಲಿ ಮತ್ತೆ ಕರೆಂಟು! ನಂಬರುಗಳೆಲ್ಲ ಮತ್ತೆ ಅದಲುಬದಲು. ರೇಗಿಹೋಯಿತು. ಪಿನ್ನು ತಂದು ರೂಟರಿನ ಹಿಂದಿನ ರೀಸೆಟ್ ತೂತಿಗೆ ಚುಚ್ಚಿದೆ.

ನಾನು ಬರೆದದ್ದು ಮಾತ್ರವಲ್ಲ, ಇಂಟರ್ನೆಟ್ ಕಂಪನಿಯವರು ಬರೆದಿಟ್ಟದ್ದೂ ಅಳಿಸಿಹೋಯಿತು. ಇಂಟರ್ನೆಟ್ಟೇ ಇಲ್ಲ! ನಮ್ಮ ನೆಲಮಹಡಿಯೊಳಗೆ ಮೊಬೈಲ್ ಸಿಗ್ನಲ್ ಬರುವುದಿಲ್ಲ; ಫೋನು ಕೂಡ ವೈಫೈಯಿಂದಲೇ ನಡೆಯುತ್ತಿತ್ತು ಎಂಬುದು ಆ ಗಡಿಬಿಡಿಯಲ್ಲಿ ಮರೆತೇಹೋಯಿತು. ಗೋಡೆಯ ಮೇಲಿನ ರೂಟರ್‌ಗೆ ಎದುರಾಗಿ ಕುರ್ಚಿ ಹಾಕಿಕೊಂಡು ಅದರ ಕೆಂಪು ದೀಪವನ್ನೇ ದಿಟ್ಟಿಸುತ್ತಾ ಕೂತೆ.

ಮಹಡಿಯ ಮೇಲಿರುವ ಮನೆ ಮಾಲೀಕರಾದ ಅಕ್ಕಯ್ಯಮ್ಮ ಇಳಿದು ಬಂದು ಬಾಗಿಲಲ್ಲಿ ಇಣುಕಿದರು. "ಏನ್ ಮೇಷ್ಟ್ರೇ, ಯಾಕಿಂಗ್ ಕುಂತಿದ್ದೀರಾ?" ನಾನು ಉತ್ತರಿಸಲಿಲ್ಲ. ಗಹನವಾದ ಚಿಂತನೆಯಲ್ಲಿದ್ದೆ.

ಮರುದಿನ ಬೆಳಗ್ಗೆ ಗುಂಡ ಬೊಗಳಲಿಲ್ಲ, ಅಳುವ ಹಾಗೆ ಕೂಗಿದ. ನೋಡಿದರೆ ಗೇಟಿನಲ್ಲಿ ಸುಮ! ಕೆದರಿದ ಕೂದಲು, ಕೈಯಲ್ಲಿ ಒಂದು ಚೀಲ. ರಾತ್ರಿಯ ರೈಲು ಹಿಡಿದು ಯಲಹಂಕದಲ್ಲಿ ಇಳಿದು ಬಂದಿದ್ದಳು. ಬಂದವಳೇ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ತಡವಿ ನೋಡಿದಳು.

"ಏಣಿಯಿಂದ ಬಿದ್ರಾ?"

"ಇಲ್ವಲ್ಲ!"

"ನಿಮಗೆ ಫೋನೇ ಹೋಗ್ತಿಲ್ಲ. ಅಕ್ಕಯ್ಯಮ್ಮಂಗೆ ಮಾಡಿದ್ರೆ, ‘ಮೇಷ್ಟ್ರು ಮಾತಿಲ್ಲ ಕತೆಯಿಲ್ಲ, ಗೋಡೆ ನೋಡ್ಕೊಂಡ್ ಕುಂತವ್ರೆ’ ಅಂದ್ರು. ತಲೆಗೇ ಪೆಟ್ಟು ಬಿದ್ದಿದೆ ಅಂತ ಜೀವ ಬಾಯಿಗೆ ಬಂತು ಕಣ್ರೀ!"

ಆಮೇಲೆ ಬೈಗುಳ. ಬೈಯುತ್ತಲೇ ಮೆಟ್ಟಿಲ ಮೇಲೆ ಕೂತಳು. ಗುಂಡ ಅವಳ ಮಡಿಲಲ್ಲಿ ತಲೆಯಿಟ್ಟ. ನಾನು ಪಕ್ಕದಲ್ಲಿ ಕೂತು ಬೈಸಿಕೊಂಡೆ. ಎಷ್ಟು ದಿನವಾಗಿತ್ತು ಹೀಗೆ ಹತ್ತಿರ ಕೂತು ಬೈಸಿಕೊಂಡು! ಆ ದಿನ ಸಂಜೆಯಾಗುವುದೇ ಬೇಡವೆನ್ನಿಸಿತು. ಸಂಜೆ ಕೇಳಬೇಕಲ್ಲ, ಆಗಿಯೇಬಿಟ್ಟಿತು.

ರೈಲಿನ ಕಿಟಕಿಯಿಂದ ಅವಳು ನನ್ನ ಬೆರಳು ಹಿಡಿದಳು. "ರೀ, ಕಂಪನಿಯವ್ರಿಗೆ ಹೇಳಿ ಇಂಟರ್ನೆಟ್ ಹಾಕಿಸ್ಕೊಳ್ಳಿ. ಆದ್ರೆ ಆ ಕ್ಯಾಮೆರಾ ಮಾತ್ರ ಸರಿ ಮಾಡ್ಬೇಡಿ. ಎಲ್ಲಾ ಅಲ್ಲೇ ಕಾಣೋ ಹಾಗಾದ್ರೆ ನಾನು ಇಲ್ಲಿಗೆ ಬರೋದೇ ತಪ್ಪಿಹೋಗತ್ತೆ."

ನನ್ನ ಕಣ್ಣು ತುಂಬಿ ಬಂತು. "ಆಯ್ತು ಕಣೇ. ನೀನು ಇಷ್ಟು ಕೇಳ್ತಿದ್ದೀಯ ಅಂತ ಬಿಡ್ತೀನಿ," ಎಂದು ದೊಡ್ಡ ಮನಸ್ಸು ಮಾಡಿದೆ.

ಸರಿ ಮಾಡಲು ಬರುತ್ತಿದ್ದರೆ ತಾನೇ!